ಮಾತು ಕೇಳದ ಕುದುರೆ

"ಇದೂ ದರಿದ್ರದ್ದೇ," ಎಂದ ತಮ್ಮ, ವಿಡಿಯೊ ಗೇಮಿನ ಕಂಟ್ರೋಲರನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತ. ಹಳೆಯದು ಸರಿಯಿಲ್ಲವೆಂದು ಅಕ್ಕ ನಿನ್ನೆಯಷ್ಟೇ ತಂದುಕೊಟ್ಟಿದ್ದ ಹೊಸದು ಅದು. "ಎಂಥಾ ಗೇಮ್ ಮಾಡಿದಾರೆ ನೋಡಕ್ಕ. ಬೆಟ್ಟ, ಕಾಡು, ಊರು, ಎಲ್ಲಿಗೆ ಬೇಕಾದ್ರೂ ಹೋಗಬಹುದು. ಈ ಕುದುರೆ ಮಾತ್ರ ಹೇಳಿದ ಕಡೆ ತಿರುಗಲ್ಲ."

"ನಿನ್ನ ಸಹವಾಸದಲ್ಲಿದ್ದು ಅದಕ್ಕೂ ನಿನ್ನ ಬುದ್ಧೀನೇ ಬಂದಿದೆ."

ಅವನು ನಗಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕಳಪೆ ಮಾಲು ತಂದೆನೇನೋ ಎಂದು ಅವಳಿಗೆ ಕಸಿವಿಸಿಯಾಯಿತು. ಕಾಲುಗಳು ಸೋತು ಗಾಲಿಕುರ್ಚಿಗೆ ಬಂದ ಮೇಲೆ ಅವನ ತಿರುಗಾಟವೆಲ್ಲ ಆ ಪರದೆಯೊಳಗೇ. ಕಾಯಿಲೆ ಮುಂದೆ ಕೈಗಳಿಗೂ ಹಬ್ಬುತ್ತದೆಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಯಾರೂ ಅವನ ಕಿವಿಗೆ ಹಾಕಿರಲಿಲ್ಲ.

"ಎಲ್ಲಿ, ನೀನೇ ಆ ಸೇತುವೆ ದಾಟಿಸು ನೋಡೋಣ," ಎಂದು ಅವನು ಕಂಟ್ರೋಲರನ್ನು ಅವಳ ಕಡೆ ತಳ್ಳಿದ.

ಗೇಮಿನ ಗಂಧವೇ ಇಲ್ಲದ ಅವಳು ಕುದುರೆ ತಿರುಗಿಸುವ ಪುಟ್ಟ ಸ್ಟಿಕ್ಕಿನ ಮೇಲೆ ಹೆಬ್ಬೆರಳಿಟ್ಟಳು. ಬೆರಳು ಅಲುಗಿತೋ ಇಲ್ಲವೋ, ಕುದುರೆ ಸಲೀಸಾಗಿ ಸೇತುವೆಯ ಕಡೆಗೆ ತಿರುಗಿತು. ಹೊಸದರಲ್ಲಿ ಏನೂ ಕೆಟ್ಟಿರಲಿಲ್ಲ, ಹಳೆಯದರಲ್ಲೂ ಕೆಟ್ಟಿರಲಿಕ್ಕಿಲ್ಲ. ಅವಳು ಥಟ್ಟನೆ ಸ್ಟಿಕ್ಕನ್ನು ಪಕ್ಕಕ್ಕೆ ಒತ್ತಿಬಿಟ್ಟಳು. ಕುದುರೆ ಸವಾರನ ಸಮೇತ ನದಿಗೆ ಬಿತ್ತು.

"ಹೌದು ಕಣೋ, ದರಿದ್ರದ್ದೇ ಇದು. ನಾಳೆನೇ ಬದಲಾಯಿಸ್ಕೊಂಡು ಬರ್ತೀನಿ."

ತಮ್ಮನ ಕಣ್ಣು ಅವಳ ಹೆಬ್ಬೆರಳಿನ ಮೇಲೇ ಇತ್ತು.

"ಬೆಳಿಗ್ಗೆ ಅಮ್ಮನೂ ಹೀಗೇ ಬೇಕಂತ್ಲೇ ಬೀಳಿಸಿದ್ಲು," ಎಂದ.