ಗಾಳಿ ಬರುವ ದಾರಿ

ಏಳಕ್ಕೆ ಎಂಟು ಕೂಡಿದರೆ ಹದಿನಾಲ್ಕು ಎಂದು ಸೈಮಿ ಹೇಳಿದಾಗ, ಲೆಂಪಿ ತನ್ನ ಕೈಯಲ್ಲಿದ್ದ ಇಸ್ಪೀಟೆಲೆಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಸೈಮಿ ಅವಳ ಗಂಡನ ಅಕ್ಕ. ಊರಿನ ಸಹಕಾರಿ ಅಂಗಡಿಯ ಗಲ್ಲಾದಲ್ಲಿ ಜೀವಮಾನವೆಲ್ಲ ಕೂತವಳು. ಅವಳ ಲೆಕ್ಕ ತಪ್ಪಿದ್ದನ್ನು ಕಂಡವರಿರಲಿಲ್ಲ.

"ಅತ್ತಿಗೆ, ಇನ್ನೊಂದ್ಸಲ ಕೂಡಿಸಿ."

"ಹದಿನಾ... ಥೂ, ಹದಿನೈದು! ಬಂದಾಗಿಂದ ತಲೆ ಧಿಂ ಅಂತಿದೆ ಕಣೆ. ಕಾಫಿಗೆ ಏನು ಬೆರೆಸಿದ್ದೀಯ?"

"ವಯಸ್ಸಾಯ್ತು, ಒಪ್ಕೊಳ್ಳಕ್ಕ," ಎಂದು ಲೆಂಪಿಯ ಗಂಡ ರೇನೊ ಆಕಳಿಸಿದ. ಎಲೆ ಇಳಿಸುವ ಸರದಿ ತನ್ನದೆಂಬುದನ್ನು ಅವನೂ ಮರೆತು ಕೂತಿದ್ದ.

ಲೆಂಪಿಗೆ ನಗು ಬರಲಿಲ್ಲ. ಅವಳು ಶಾಲಾ ಬಸ್ಸಿನ ಚಾಲಕಿ. ಚಳಿಗಾಲ ಶುರುವಾದಾಗಿನಿಂದ ಬೆಳಗ್ಗೆ ಏಳುವಾಗಲೇ ತಲೆನೋವು, ಏನು ಮಾಡಲು ಹೊರಟರೂ ಮಂಕು. ಕಳೆದ ವಾರ, ರಸ್ತೆ ಬದಿಯಲ್ಲಿ ಕಾಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಹತ್ತಿಸಿಕೊಳ್ಳದೆ ಮುಂದೆ ಹೋಗಿಬಿಟ್ಟಿದ್ದಳು. ಆಗ ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ಮಗುವಿನ ಅಪ್ಪ ಕಿಟಕಿಯಿಂದ ನೋಡಿದ್ದು ಪುಣ್ಯ. ಲೆಂಪಿಯ ತಾಯಿಗೆ ಮರೆವಿನ ಕಾಯಿಲೆ ಶುರುವಾದದ್ದೂ ಹೀಗೆಯೇ, ಇದೇ ವಯಸ್ಸಿನಲ್ಲಿ. ಸೋಮವಾರ ಬಸ್ಸಿನ ಕೀಲಿ ಹಿಂದಿರುಗಿಸಿಬಿಡುವುದೆಂದು ಅವಳು ತೀರ್ಮಾನಿಸಿದ್ದಳು. ಗಂಡನಿಗೆ ಯಾವುದನ್ನೂ ಹೇಳಿರಲಿಲ್ಲ.

ಈಗ ಅವಳಿಗೆ ಬೇರೊಂದು ಯೋಚನೆ ಹೊಳೆಯಿತು. ಮೂವರಿಗೂ ಒಂದೇ ಮಧ್ಯಾಹ್ನ ಮರೆವಿನ ಕಾಯಿಲೆ ಬರುವುದಿಲ್ಲ.

"ರೇನೊ, ಹಜಾರದ ಗೋಡೇಲಿ ಇತ್ತಲ್ಲ, ವಿಷಗಾಳಿ ಬಂದ್ರೆ ಕೂಗೋ ಅಲಾರಂ, ಅದೆಲ್ಲಿ?"

"ಬ್ಯಾಟರಿ ಮುಗಿದು ಕೀ ಕೀ ಅಂತಿತ್ತು. ಡ್ರಾಯರ್‌ಗೆ ಹಾಕ್ದೆ."

ಅವಳು ಟಿವಿ ರಿಮೋಟಿನ ಬ್ಯಾಟರಿ ಕಿತ್ತು ಅದಕ್ಕೆ ಹಾಕಿದಳು. ಅದರ ಪುಟ್ಟ ಪರದೆಯಲ್ಲಿ ಸೊನ್ನೆ ಇರಬೇಕಿತ್ತು. ನೂರ ಹತ್ತು ಬಂತು.

"ಏಳಿ! ಕೋಟು ತಗೊಂಡು ಹೊರಗೆ ನಡೀರಿ, ಇಬ್ಬರೂ!" ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳ ಮೇಲೆ ಎತ್ತುವ ದನಿ ಅದು. ಇಬ್ಬರೂ ಎದುರಾಡದೆ ಎದ್ದರು.

ಶನಿವಾರವಾದ್ದರಿಂದ ಹಿತ್ತಲಿನ ಸೌನಾ ಆಗಲೇ ಕಾದಿತ್ತು. ಉಗಿಸ್ನಾನದ ಆ ಮರದ ಕೋಣೆಯ ಬೆಂಚಿನ ಮೇಲೆ ಮೂವರೂ ಕೋಟು ತೊಟ್ಟೇ ಕೂತು, ಊರಿನ ಅಗ್ನಿಶಾಮಕ ಸ್ವಯಂಸೇವಕರಿಗೆ ಫೋನು ಮಾಡಿದರು. ಅವರು ಬಂದು ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆದರು, ಒಲೆಯ ಕೆಂಡ ಹೊರಗೆ ಸುರಿದರು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಸೌನಾದ ಬಾಗಿಲು ತಟ್ಟಿದ. ಅವನ ಕೈಯಲ್ಲಿ ಹಿಮಗಟ್ಟಿದ ತಲೆದಿಂಬು.

"ಹೊರಗೋಡೆ ಕೊಳವೆಯಿಂದ ಎಳೆದದ್ದು. ಯಾರದಿದು?"

"ನಂದೇ," ಎಂದ ರೇನೊ. "ಅಕ್ಟೋಬರ್‌ನಲ್ಲಿ ತುರುಕಿದ್ದೆ. ಆ ಕೊಳವೆ ಮುಟ್ಟಿದ್ರೆ ಕೈ ಮರಗಟ್ಟುತ್ತಿತ್ತು. ಸೌದೆ ಸುಟ್ಟು ಮನೆ ಬಿಸಿ ಮಾಡೋದು, ಆಮೇಲೆ ಸರೋವರದ ಗಾಳೀನ ಒಳಗೆ ಕರೆಯೋದು... ಇದ್ಯಾವ ನ್ಯಾಯ ಅನ್ನಿಸ್ತು."

ಹಳೆಯ ಸೌನಾದ ಮುಂದೆ ಅವರು ಕಟ್ಟಿಸಿದ್ದ ಹೊಸ ಮನೆಯಲ್ಲಿ ಸೂಜಿ ತೂರುವಷ್ಟೂ ಸಂದು ಇರಲಿಲ್ಲ. ಅದಕ್ಕೆಂದೇ ನೆಲಮಾಳಿಗೆಯಲ್ಲೊಂದು ಯಂತ್ರ ಕೂರಿಸಿದ್ದರು. ಹಳೆಯ ಗಾಳಿಯನ್ನು ಹೊರಗೆ ತಳ್ಳುವುದು, ಹೊರಟ ಗಾಳಿಯ ಬಿಸಿಯಿಂದಲೇ ಹೊಸ ಗಾಳಿಯನ್ನು ಕಾಯಿಸಿ ಕೋಣೆಗಳಿಗೆ ಕಳಿಸುವುದು ಅದರ ಕೆಲಸ. ಹೊಸ ಗಾಳಿ ಬರುವ ದಾರಿಯನ್ನು ರೇನೊ ಮುಚ್ಚಿದ. ಯಂತ್ರ ಹೊರಗೆ ತಳ್ಳುತ್ತಲೇ ಇತ್ತು. ಗಾಳಿ ಬರಿದಾದ ಮನೆ ಒಲೆಯ ಚಿಮಣಿಯಿಂದಲೇ ಗಾಳಿಯನ್ನು ಹಿಂದಕ್ಕೆಳೆದುಕೊಂಡಿತು. ಅದರೊಂದಿಗೆ ಒಳಬಂದ, ಆರುತ್ತಿರುವ ಕೆಂಡದ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರೇನೊ ಬೆಳಗ್ಗೆಯೇ ತನ್ನ ಟ್ರಕ್ಕು ಹತ್ತಿ ಹೋಗಿ, ಹಗಲೆಲ್ಲ ಕಾಡಿನಲ್ಲಿ ಮರ ಕಡಿಯುತ್ತಿದ್ದ. ಬಸ್ಸು ಬಿಟ್ಟರೆ ಮನೆಯೇ ಆಗಿದ್ದ ಲೆಂಪಿಗೆ ಅದರ ಬಹುಪಾಲು ಸಂದಿತು.

ಸೈಮಿ ಸೌನಾದ ಒಲೆಯ ಬುಡದಲ್ಲಿದ್ದ ಕಿಂಡಿ ತೋರಿಸಿದಳು. ಹೊರಗಿನ ಗಾಳಿ ಅದರಿಂದ ಬಂದು, ಒಲೆಯ ಕಲ್ಲುಗಳಿಗೆ ತಾಗಿ, ಬಿಸಿಯಾಗಿ ಮೇಲೇರುತ್ತಿತ್ತು.

"ಲೋ, ಇದನ್ನ ಯಾವತ್ತಾದ್ರೂ ಮುಚ್ಚಿದ್ದೀಯಾ?"

"ನಂಗೇನು ಹುಚ್ಚಾ? ಅಪ್ಪನ ಕಾಲದಿಂದ ಮುಚ್ಚಿಲ್ಲ. ಮುಚ್ಚಿದ್ರೆ ಉಸಿರಾಡೋದು ಹೇಗೆ?"

"ವಾರಕ್ಕೊಂದ್ಸಲ ಕೂರೋ ಸೌನಾಕ್ಕೆ ಗಾಳಿ ಬೇಕು. ದಿನಾ ಮನೇಲಿರೋ ಹೆಂಡ್ತಿಗೆ ದಿಂಬು!"

ಲೆಂಪಿ ನಗತೊಡಗಿದಳು. ನಗು ನಿಲ್ಲಲಿಲ್ಲ. ನಗುನಗುತ್ತಲೇ ಅಳು ಬಂತು. "ದಿಂಬು ಅತ್ತಿಗೆ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಬರೀ ದಿಂಬು!"

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ವೈದ್ಯೆ, ಗಾಳಿ ಸರಿಹೋದರೆ ತಲೆಯೂ ಸರಿಹೋಗುವ ಲಕ್ಷಣವಿದೆ, ಬುಧವಾರ ಮತ್ತೊಮ್ಮೆ ನೋಡಿ ಬಸ್ಸಿಗೆ ಕಳಿಸುತ್ತೇನೆ ಎಂದಳು. ರಾತ್ರಿ ಸೈಮಿಯ ಮನೆಯಲ್ಲಿ ಉಳಿದು, ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಮನೆಗೆ ಬಂದರು. ಒಲೆ ಹಚ್ಚಿರಲಿಲ್ಲ, ಕರೆಂಟಿನ ಹೀಟರು ಮತ್ತು ಯಂತ್ರ ಮಾತ್ರ ಓಡುತ್ತಿದ್ದವು. ಲೆಂಪಿ ಮಲಗುವ ಕೋಣೆಯ ಗೋಡೆಯ ಜಾಲರಿಗೆ ಅಂಗೈ ಒಡ್ಡಿದಳು. ಗಾಳಿ ಬೆಚ್ಚಗಿತ್ತು.

"ಕೆಲಸ ಬಿಟ್ಟುಬಿಡೋಣ ಅಂತಿದ್ದೆ," ಎಂದಳು. "ಕಳೆದ ವಾರ ಒಂದು ಹುಡುಗೀನ..."

"ಗೊತ್ತು. ಅವಳಪ್ಪ ಅಂಗಡೀಲಿ ಸಿಕ್ಕಿದ್ದ."

ಅವನೂ ಬಂದು ಜಾಲರಿಗೆ ಕೈ ಒಡ್ಡಿ ನಿಂತ.

"ಹಂಗಾದ್ರೆ ಇನ್ಮೇಲೆ ಬೆಳಗ್ಗೆ ನಾನು ಬರೋದು ಬೇಡ ಅಲ್ವಾ?"

"ಎಲ್ಲಿಗೆ?"

"ನಿನ್ನ ಬಸ್ಸಿನ ಹಿಂದೆ, ಟ್ರಕ್ಕಲ್ಲಿ."