ಜೀಪಿನ ಟಾಪು

ಗಂಡನ ಮುದಿ ಜೀಪಿಗೆ ಟಾಪು ಹೊಲಿಯೋಕೆ ಮಿಷನ್ ತುಳ್ದೂ ತುಳ್ದೂ ದ್ಯಾವಮ್ಮನ ಕಾಲು ಮರಗಟ್ಟಿತ್ತು. ಆ ದಪ್ಪ ಟಾರ್ಪಾಲಿಗೆ ಮುರಿದ ಸೂಜಿ ಕೂಡಿಟ್ಟಿದ್ರೆ ಒಂದು ನೇಗಿಲೇ ಮಾಡಿಸ್ಬೋದಿತ್ತು. ಆದ್ರೂ ಬಿಡಲಿಲ್ಲ. ಹೋದ್ಸಲ ತಂಗಿ ಮದ್ವೇಲಿ ಟಾಪಿಲ್ಲದ ಜೀಪಿಂದ ಮಳೇಗೆ ತೊಯ್ದು ತೊಪ್ಪೆಯಾಗಿ ಇಳಿದಿದ್ದಕ್ಕೆ ನೆಂಟ್ರೆಲ್ಲ ನಕ್ಕಿದ್ರು. ಈ ಸಲ ತಮ್ಮನ ಮದ್ವೇಗಾದ್ರೂ ಒಣಗಿದ ಸೀರೇಲಿ ಇಳೀಬೇಕು, ಅಷ್ಟೆ.

"ಏನ್ ಕೈಯೇ ನಿಂದು! ಅರಮನೆ ಚಪ್ಪರ ಇದ್ದಂಗದೆ," ಅಂತ ಗಂಡ ದಾರಿಯುದ್ದಕ್ಕೂ ಹೊಗಳ್ದ.

"ಸಾಕು, ಮುಂದೆ ನೋಡ್ಕೊಂಡು ಓಡ್ಸ್ರೀ," ಅಂದ್ಲು ಅವಳು ಆಕಳಿಸ್ತಾ.

ಅರ್ಧ ದಾರೀಲಿ ಟಪ್ ಅಂತ ಮೊದಲ ಹನಿ ಬಿತ್ತು. ಗಂಡ ಗಾಬರಿಬಿದ್ದು ಜೀಪು ನಿಲ್ಸಿ, ಟಾಪು ಬಿಚ್ಚಿ, ಮಡಿಸಿ, ಅವಳ ಮಡಿಲಿಗಿಟ್ಟ.

"ಸೆರಗು ಮುಚ್ಚೇ ಅದ್ಕೆ! ಹೊಸಾದು, ನೆಂದೋಗ್ಬಿಟ್ಟಾತು."