ಶಾವಿಗೆಯ ಬೆಂಚು

ತುಪ್ಪದಲ್ಲಿ ಶಾವಿಗೆ ಹುರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಕಂಪ್ಲಿಯ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ.

ಕಾಲುವೆಗೆ ನೀರು ಬಿಡುವುದು ನಿಂತ ಬೇಸಿಗೆ ಅದು. ಅಪ್ಪನ ತಂಗಿ, ನಮ್ಮತ್ತೆ, ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ತಾಯತ ಕಟ್ಟಿಸಿರಿ ಎಂದವರಿಗೆ ಅಜ್ಜಿ, "ಜ್ವರ ಬಂದ್ರ ಡಾಕ್ಟರ್ ಹತ್ರ ಹೋಗಂಗಿಲ್ಲೇನು? ಇದಕ್ಕೂ ಹೋಗೋದು" ಎಂದು ಹೇಳಿ, ಅವಳನ್ನು ಹೊಸಪೇಟೆಯ ಬಸ್ಸು ಹತ್ತಿಸಿದ್ದಳು. ಗುಳಿಗೆ ಶುರುವಾದ ಮೇಲೆ ಅತ್ತೆ ಎದ್ದು ಕೂರುತ್ತಿದ್ದಳು. ಆದರೆ ಯಾವುದರಲ್ಲೂ ಮನಸ್ಸಿರಲಿಲ್ಲ.

ಆ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಶಾವಿಗೆ ಮಾಡಲು ನಮ್ಮಲ್ಲಿ ಸೇರಿದ್ದರು. ಬೆಂಚಿಗೆ ಬಿಗಿದ ಮಷಿನ್ನಿನ ಹಿಡಿಕೆಯನ್ನು ಅವ್ವ ತಿರುಗಿಸಿದರೆ ಬೆಂಚೇ ಎಗರುತ್ತಿತ್ತು. ಅದು ಅಲುಗದಂತೆ ಮೇಲೆ ಕೂರುವುದು ಪ್ರತಿ ವರ್ಷ ನನ್ನ ಕೆಲಸ.

"ಈ ಕೂಸು ಕುಂತ್ರ ಬೆಂಚು ಕುಣೀತೈತಿ. ನೀ ಬಾರವ್ವ," ಎಂದು ಅಜ್ಜಿ ಅತ್ತೆಯನ್ನು ಕೂಗಿದಳು.

"ನನ್ನ ಕೈಲಿ ಏನೂ ಆಗಂಗಿಲ್ಲ," ಅಂದಳು ಅತ್ತೆ.

"ಏನೂ ಮಾಡಬ್ಯಾಡ. ಸುಮ್ನ ಕುಂದ್ರು, ಸಾಕು."

ಅತ್ತೆ ಬಂದು ಕೂತಳು. ಬೆಂಚು ಅಲುಗದೆ ನಿಂತಿತು. ಹಸಿ ಹಿಟ್ಟಿನ ಎಳೆಗಳು ತುಂಡಾಗದೆ ಇಳಿದವು. ಪಕ್ಕದ ಮನೆಯಾಕೆ ಅವನ್ನು ಕೋಲಿನ ಮೇಲೆತ್ತಿ ಬಿಸಿಲಿಗೆ ಒಯ್ದಳು. ಹೇಗಿದ್ದೀಯ ಎಂದು ಯಾರೂ ಅತ್ತೆಯನ್ನು ಕೇಳಲಿಲ್ಲ.

ಹೊತ್ತು ಇಳಿಯುತ್ತಾ ಬಂತು. ನನ್ನ ಜಾಗ ಹೋಯಿತೆಂದು ನನಗೆ ಸಿಟ್ಟು. "ಅತ್ತಿ, ಸಾಕಾತೇನು? ಇಳಿ, ನಾ ಕುಂದರ್ತೀನಿ," ಎಂದು ಸೆರಗು ಜಗ್ಗಿದೆ.

ಅವಳು ಹಿಟ್ಟು ಕಲಸಿಟ್ಟ ಪರಾತದೊಳಗೆ ಬಗ್ಗಿ ನೋಡಿದಳು.

"ತಡಿಯಲೇ," ಎಂದಳು. "ಇನ್ನಾ ಹಿಟ್ಟೈತಿ."